ಬರಿಗೈ

ಮೀಟರಿನ ಅಂಕಿ ಇಳಿಯಲಿಲ್ಲ. ಅವಳು ಮೀಟರಿನ ಕಡ್ಡಿಗಳನ್ನೆತ್ತಿ, ತೊಳೆದು, ಮತ್ತೆ ಬಟ್ಟಲಿಗೆ ಇಳಿಸಿದಳು. ಹಟಮಾರಿ ಮಗುವಿನಂತೆ ಅಂಕಿ ಅಲ್ಲೇ ಕೂತಿತ್ತು.

ಬಟ್ಟಲಿನ ತೆಳುಪರದೆಯ ಮೇಲೆ ಮಿದುಳಿನ ರಕ್ತನಾಳದ ಕೋಶಗಳು ಒತ್ತೊತ್ತಾಗಿ ಬೆಳೆದಿದ್ದವು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವ ಗೋಡೆ ಅದು. ಅದನ್ನು ಬಿಗಿಯಾಗಿಡುವ ಪುಟ್ಟ ಆರ್‌ಎನ್‌ಎ ಒಂದಿದೆ. ಅದರ ಬಾಯಿ ಕಟ್ಟುವ ಇನ್ನೊಂದು ಆರ್‌ಎನ್‌ಎ ತುಣುಕು ಹಾಕಿದರೆ ಗೋಡೆ ಸ್ವಲ್ಪ ಹೊತ್ತು ಸಡಿಲಗೊಂಡು, ಅದರ ಬಿಗಿ ಅಳೆಯುವ ಮೀಟರಿನ ಅಂಕಿ ಇಳಿಯಬೇಕು. ಹಿಂದೆ ಒಮ್ಮೆ ಇಳಿದಿತ್ತು. ಇವತ್ತು ಮತ್ತೆ ಇಳಿಯದಿದ್ದರೆ ಈ ಕೆಲಸವನ್ನೇ ನಿಲ್ಲಿಸುತ್ತೇನೆಂದು ಮುಖ್ಯಸ್ಥರು ಹೇಳಿಬಿಟ್ಟಿದ್ದರು.

"ಏನ್ ಮಡಿಯಮ್ಮ, ಬಿತ್ತಾ ಗೋಡೆ?" ಪಕ್ಕದ ಮೇಜಿನ ಗೆಳತಿ ಕೇಳಿದಳು. ಗ್ಲೌಸಿಲ್ಲದೆ ಏನೂ ಮುಟ್ಟಬೇಡಿ ಎಂದು ಎಲ್ಲರನ್ನೂ ಗದರುವ ಅವಳಿಗೆ ಲ್ಯಾಬು ಇಟ್ಟ ಹೆಸರದು. ಬೆರಳಿನ ಬೆವರು ತಾಕಿದರೆ ಸಾಕು, ಆ ತುಣುಕು ಪುಡಿಪುಡಿ.

"ಗೋಡೆ ಬೀಳ್ಲಿಲ್ಲ ಕಣೆ. ನಾನೇ ಬಿದ್ದೆ."

ನಿನ್ನೆ, ಸರಿಯಾಗಿ ಬಟ್ಟಲಿಗೆ ಆ ತುಣುಕಿನ ಹನಿ ಹಾಕುವ ಹೊತ್ತಿಗೆ ಅಕ್ಕನ ಫೋನು. ಒಂದು ಗ್ಲೌಸ್ ಕಿತ್ತು ಎತ್ತಿಕೊಂಡಿದ್ದಳು.

"ಅಮ್ಮನ ತಲೇಲಿರೋ ಗಡ್ಡೆಗೆ ಮದ್ದು ತಲುಪ್ತಾನೇ ಇಲ್ವಂತೆ. ಅದೇನೋ ಗೋಡೆ ಅಡ್ಡ ಅಂತಾರೆ ಡಾಕ್ಟ್ರು. ಇಷ್ಟು ವರ್ಷ ಅದೇ ಗೋಡೆ ಕಾದ್ಯಲ್ಲೇ, ಒಂದ್ಸಲ ತೆಗಿಯಕ್ಕಾಗಲ್ವಾ?"

"ಇದು ಬಟ್ಟಲಲ್ಲಿ ಕಣಕ್ಕ. ಮನುಷ್ಯರ ತನಕ ಬರಕ್ಕೆ ಇನ್ನೂ ಎಷ್ಟು ವರ್ಷವೋ."

"ಮತ್ಯಾಕೆ ಬೇಕಿತ್ತು ನಿನ್ನ ಓದು!"

ಅದೇ ಸಿಟ್ಟಿನಲ್ಲಿ, ಅದೇ ಬರಿಗೈಯಲ್ಲಿ, ತುಣುಕಿದ್ದ ಕೊಳವೆಯ ಮುಚ್ಚಳ ತೆಗೆದಿದ್ದಳು. ಬೆರಳು ಒಳಬದಿಗೆ ತಾಕಿದ್ದು ಈಗ ನೆನಪಾಯಿತು.

"ತಪ್ಪು ನನ್ನ ಕೈಯ್ದು ಸರ್, ಆರ್‌ಎನ್‌ಎದಲ್ಲ. ಇನ್ನೊಂದ್ಸಲ..." ಎಂದಳು ಮುಖ್ಯಸ್ಥರಿಗೆ.

"ಮೀಟರು ಅದನ್ನೆಲ್ಲ ಕೇಳುತ್ತೇನಮ್ಮ? ಸೋಮವಾರದಿಂದ ಬೇರೆ ಕೆಲಸ ನೋಡೋಣ."

ಸಂಜೆ ಅವಳು ಆಸ್ಪತ್ರೆಯಲ್ಲಿ ಅಮ್ಮನ ಕೋಣೆಗೆ ಹೋದಾಗ ಅಕ್ಕ ಮುಖ ತಿರುಗಿಸಿ ಕಿಟಕಿ ನೋಡುತ್ತ ಕೂತಳು. ಬಾಗಿಲ ಬಳಿಯ ಡಬ್ಬಿಯಿಂದ ತಾನು ಗ್ಲೌಸ್ ಎಳೆದು ಹಾಕಿಕೊಂಡದ್ದು ಇವಳಿಗೇ ಗೊತ್ತಾಗಲಿಲ್ಲ.

"ಏನೇ ಇದು, ರಬ್ಬರ್ ಕೈ?" ಅಮ್ಮ ಕಣ್ಣು ಕಿರಿದು ಮಾಡಿದಳು. "ನಾನೇನು ನಿನ್ನ ಬಟ್ಟಲಾ? ತೆಗಿ ಅದನ್ನ."

ಅವಳು ತೆಗೆದಳು. ಅಮ್ಮ ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಬೆರಳು ಬೆವರತೊಡಗಿತು, ಅವಳು ಬಿಡಿಸಿಕೊಳ್ಳಲಿಲ್ಲ.

ಹಾಸಿಗೆಯ ಅಂಚಿನಲ್ಲಿ ಗ್ಲೌಸ್ ಒಳಮಗ್ಗುಲು ಹೊರಗಾಗಿ ಬಿದ್ದಿತ್ತು. ಅದರ ಒಂದು ಬೆರಳಲ್ಲಿ ಉಳಿದಿದ್ದ ಗಾಳಿ ಮೆಲ್ಲಗೆ ಇಳಿಯುತ್ತಿತ್ತು.