ಕೆಮ್ಮಿಗೆ ಹೊರಡುವ ದೋಣಿಗಳು

ಗಡಿಯಾರ ರಿಪೇರಿ ಮಾವನಿಗೆ ಊರಿನ ಮೇಲಿದ್ದದ್ದು ಒಂದೇ ದೂರು. ಕಣ್ಣೆದುರಿನ ಕೆರೆಯಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುತ್ತಿದ್ದರೂ ಒಂದು ನರಪಿಳ್ಳೆಯೂ ತಿರುಗಿ ನೋಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹಾಯಿದೋಣಿ ಕ್ಲಬ್ಬಿನ ಕಾರ್ಯದರ್ಶಿ ಅವರೇ. ಪ್ರತಿ ಪಂದ್ಯದ ಮರುದಿನ ಪತ್ರಿಕೆಗೆ ಎರಡು ಪುಟದ ವರದಿ ಕಳಿಸುತ್ತಿದ್ದರು. ಗಾಳಿ ಯಾವ ದಿಕ್ಕಿನದು, ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಬಿತ್ತು, ಎಲ್ಲ ಅದರಲ್ಲಿ. ಪತ್ರಿಕೆಯವರು ಅದನ್ನು ಎರಡು ಸಾಲಿಗೆ ಹಿಂಡಿ, ಕಾಣೆಯಾದ ಬೆಕ್ಕಿನ ಜಾಹೀರಾತಿನ ಕೆಳಗೆ ಕೂರಿಸುತ್ತಿದ್ದರು.

“ಬೆಕ್ಕಾದ್ರೂ ಸಿಕ್ತು ಮಾವ, ನಿಮ್ಮ ಓದುಗ ಇನ್ನೂ ಸಿಕ್ಕಿಲ್ಲ,” ಎನ್ನುತ್ತಿದ್ದಳು ಅಕ್ಕನ ಮಗಳು. ದಿನವಿಡೀ ಬಸ್‌ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುವುದು ಅವಳ ಕೆಲಸ. ಉಳಿದ ಹೊತ್ತು ಕಂಡವರ ದನಿಯಲ್ಲಿ ಮಾತಾಡುವುದು ಅವಳ ಚಟ.

ಈ ಸಲ ಮಾವ ನಗಲಿಲ್ಲ. ಅಂಗಡಿ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರದ ಹಲ್ಲುಚಕ್ರಗಳ ನಡುವೆ ನಗರಸಭೆಯ ಕಾಗದವಿತ್ತು. ತಿಂಗಳೊಳಗೆ ಹತ್ತು ಹೊಸ ಸದಸ್ಯರು ಬಾರದಿದ್ದರೆ ದಡದಲ್ಲಿರುವ ಕ್ಲಬ್ಬಿನ ಶೆಡ್ಡು ಮೋಟಾರು ದೋಣಿಯವರ ಪಾಲು.

“ಪುಟ್ಟಿ, ಭಾನುವಾರದ ಪಂದ್ಯಕ್ಕೆ ಪತ್ರಿಕೆಯ ಫೋಟೋದವನು ಬರ್ತಾನಂತೆ. ಜನಕ್ಕೆ ಆಟ ಅರ್ಥ ಆಗೋ ಹಾಗೆ ಮೈಕಲ್ಲಿ ನೀನು ಹೇಳ್ಬೇಕು. ಮಂಗಾಟ ಮಾತ್ರ ಬೇಡ.”

“ನನ್ನ ಬಾಯಿಗೆ ಬ್ರೇಕಿಲ್ಲ ಅಂದೋರು ನೀವೇ ಅಲ್ವಾ?”

“ದೋಣಿಗೂ ಇಲ್ಲ ಕಣೇ. ಹಾಗಂತ ನಾವು ಗುದ್ದಿಕೊಳ್ತೀವಾ?”

ಮಾವ ಅವಳಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಒಪ್ಪಿಕೊಂಡಳು.

ಭಾನುವಾರ ಮೈಕಿನ ಸದ್ದಿಗೆ ದಡದಲ್ಲಿ ಅರವತ್ತು ಜನ ಸೇರಿದರು. ಕಟ್ಟೆಯ ತುದಿಯಲ್ಲಿ ಮಾವ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಹೊರಡುವ ಗೆರೆಯ ಹಿಂದೆ ಏಳು ದೋಣಿಗಳು ಹಾಯಿ ಸಡಿಲ ಬಿಟ್ಟು ಕಾಯುತ್ತಿದ್ದವು. ಅವಳು ಒಬ್ಬೊಬ್ಬರನ್ನೇ ಪರಿಚಯಿಸಿದಳು. “ಅಗೋ ಹಲ್ಲಿನ ಡಾಕ್ಟರು. ಊರಿನವರ ಬಾಯೆಲ್ಲ ಬಿಡಿಸಿದವರು, ದೋಣಿ ಹತ್ತಿದರೆ ತಾವು ಬಾಯಿ ಬಿಡಲ್ಲ. ಇಗೋ ಬೇಕರಿಯವರು. ಆ ಹಳದಿ ಹಾಯಿ ಟೀಚರಮ್ಮ ಅಕ್ಕತಂಗಿಯರದ್ದು. ಅವರ ದೋಣಿಗೆ ಗಾಳಿ ಬೇಡ, ಜಗಳ ಸಾಕು.” ಕೂಡಲೇ ಅವಳ ಬಾಯಿಂದಲೇ ಇಬ್ಬರ ದನಿಯೂ ಬಂತು: “ಅಕ್ಕಾ, ಎಡಕ್ಕೆ!” “ಯಾರ ಎಡಕ್ಕೇ, ನಿಂದೋ ನಂದೋ?”

ದಡ ಬಿದ್ದು ಬಿದ್ದು ನಕ್ಕಿತು. ನಗು ಕೇಳಿದ ಮೇಲೆ ಅವಳನ್ನು ಹಿಡಿಯುವವರಾರು?

“ಈಗ ನೋಡಿ, ಇನ್ನು ನಾಲ್ಕು ನಿಮಿಷಕ್ಕೆ ನಮ್ಮ ಮಾವ ಹತ್ತರಿಂದ ಕೆಳಕ್ಕೆ ಎಣಿಸ್ತಾರೆ. ಕೊನೆಗೆ ಸೀಟಿ. ಆದರೆ ಒಳಗಿನ ಗುಟ್ಟು ಹೇಳ್ತೀನಿ, ಸೀಟಿ ಬರೀ ಶಾಸ್ತ್ರಕ್ಕೆ. ಒಂದು ಅನ್ನೋ ಮುಂಚೆ ಮಾವ ಒಂದು ಕೆಮ್ಮು ಕೆಮ್ಮುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇವರೆಲ್ಲ ಹೊರಡೋದು ಆ ಕೆಮ್ಮಿಗೇ. ಹೀಗೆ: ಉಹ್ಹು... ಖೊಕ್!”

ಮೈಕು ಆ ಕೆಮ್ಮನ್ನು ನೀರಿನಾಚೆಗೂ ಮುಟ್ಟಿಸಿತು. ಏಳು ಹಗ್ಗಗಳು ಒಟ್ಟಿಗೇ ಬಿಗಿದವು, ಏಳು ಹಾಯಿಗಳು ಫಟ್ಟೆಂದು ಉಬ್ಬಿದವು. ಏಳೂ ದೋಣಿ ಹೊರಟೇಬಿಟ್ಟವು.

ಮಾವ ತಲೆಯೆತ್ತಿ, ಕಂಗಾಲಾಗಿ ಸೀಟಿಯ ಮೇಲೆ ಸೀಟಿ ಊದಿದರು. ಮುಂದಿನವರು ಥಟ್ಟನೆ ತಿರುಗಿದರು, ಹಿಂದಿನವರು ತಿರುಗಲಿಲ್ಲ. ಬೇಕರಿಯವರು ಟೀಚರಮ್ಮಂದಿರ ಹಳದಿ ಹಾಯಿಯೊಳಗೆ ನುಗ್ಗಿದರು. ಹಲ್ಲಿನ ಡಾಕ್ಟರು ಬಾಯಿ ಬಿಟ್ಟರು; ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ದಡದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಫೋಟೋದವನು ಬೆಂಚು ಹತ್ತಿ ನಿಂತಿದ್ದ.

ಅವಳು ಮೈಕು ಕೆಳಗಿಳಿಸಿದಳು. ಹತ್ತು ಜನರನ್ನು ತರಬೇಕಿದ್ದವಳು ಇದ್ದ ಮಾನವನ್ನೂ ಮುಳುಗಿಸಿದ್ದಳು. ಮಾವ ಕಟ್ಟೆಯುದ್ದಕ್ಕೂ ನಡೆದು ಬಂದು ಮೈಕು ಇಸಿದುಕೊಂಡರು.

“ನಾನು ಕೆಮ್ಮಿಲ್ಲ,” ಎಂದರು, ಸಾಕ್ಷಿ ಹೇಳುವವರಂತೆ.

“ಕೆಮ್ಮಿದ್ರಿ!” ಹಾಯಿಯ ಅಡಿಯಿಂದ ಅಕ್ಕತಂಗಿಯರು ಕೂಗಿದರು. ಹುಟ್ಟಿದ ಮೇಲೆ ಅವರಿಬ್ಬರೂ ಒಂದೇ ಮಾತು ಹೇಳಿದ್ದು ಅಂದೇ ಇರಬೇಕು. ಮಾವನ ಮೀಸೆ ಅದುರಿತು. ಅವರಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಮೊದಲ ಪುಟದಲ್ಲೇ ಫೋಟೋ: ಏಳು ದೋಣಿಗಳು ಒಂದರ ಮಡಿಲಲ್ಲೊಂದು. ಮಾವ ರಿಪೇರಿಯ ಭೂತಗನ್ನಡಿ ಹಚ್ಚಿ ಮೂಲೆಮೂಲೆ ನೋಡಿ, “ಗಾಳಿ ಯಾವ ದಿಕ್ಕಿಂದು ಅಂತಾನೇ ಹಾಕಿಲ್ಲ,” ಎಂದು ಗೊಣಗಿದರು. ಸಂಜೆಯೊಳಗೆ ಶೆಡ್ಡಿಗೆ ಹದಿನಾಲ್ಕು ಜನ ಬಂದು ಹೆಸರು ಬರೆಸಿದರು. ಎಲ್ಲರೂ ಕೇಳಿದ್ದು ಒಂದೇ: “ಆ ಕೆಮ್ಮೋರು ಯಾರು?”

ಮುಂದಿನ ಪಂದ್ಯಕ್ಕೆ ಮಾವ ಕಟ್ಟುನಿಟ್ಟು ಮಾಡಿದರು. ಇನ್ನು ಮೇಲೆ ಬರೀ ಸೀಟಿ. ಕೆಮ್ಮು ಬಾರದಿರಲೆಂದು ದವಡೆಗೊಂದು ಪೆಪ್ಪರಮಿಂಟು ಒತ್ತರಿಸಿ, ಹತ್ತರಿಂದ ಒಂದರವರೆಗೂ ನುಣ್ಣಗೆ ಎಣಿಸಿ, ಸೀಟಿ ಊದಿದರು.

ಒಂದು ದೋಣಿಯೂ ಅಲುಗಲಿಲ್ಲ. ಏಳೂ ದೋಣಿಯವರು ಹಗ್ಗ ಹಿಡಿದು, ಕಿವಿಯನ್ನು ದಡದತ್ತ ಚಾಚಿ ಕಾಯುತ್ತಿದ್ದರು. ದಡದಲ್ಲಿದ್ದ ಇನ್ನೂರು ಜನರೂ ಉಸಿರು ಹಿಡಿದಿದ್ದರು. ಮಾವ ಸ್ಟಾಪ್‌ವಾಚ್ ನೋಡಿದರು, ದೋಣಿಗಳನ್ನು ನೋಡಿದರು, ಕೊನೆಗೆ ಮೈಕನ್ನು ಅವಳತ್ತ ತಳ್ಳಿದರು.

“ನನ್ನ ಬಾಯಲ್ಲಿ ಪೆಪ್ಪರಮಿಂಟಿದೆ. ನೀನೇ ಕೆಮ್ಮು ಪುಟ್ಟಿ, ಹೊತ್ತಾಯ್ತು.”