ಷೋಕೇಸಿನಲ್ಲಿ ಕೂತ ಸ್ಕಾಚ್ ಸೀಸೆ

ನಾನು ಒಂದು ಸ್ಕಾಚ್ ವಿಸ್ಕಿ ಸೀಸೆ. ಈಗ ಮೂಸಿದರೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಆದರೂ ನನ್ನ ಕುಲ ದೊಡ್ಡದು.

ಸ್ಕಾಟ್ಲೆಂಡಿನಲ್ಲಿ ಕ್ರೇಗಿ ಎಂಬ ದಿನಸಿ ಅಂಗಡಿಯವನಿದ್ದ. ನಾಲ್ಕಾರು ತೋಟಗಳ ಚಹಾಪುಡಿ ಬೆರೆಸಿ ಮಾರುವುದರಲ್ಲಿ ಎತ್ತಿದ ಕೈ. ಆಗ ವಿಸ್ಕಿ ಪೀಪಾಯಿಗೊಂದು ರುಚಿ; ಒಂದು ಬರೀ ಹೊಗೆ, ಇನ್ನೊಂದು ಬರೀ ಸಪ್ಪೆ. ಗಿರಾಕಿಗಳ ಗೊಣಗಾಟ ಕೇಳಿ ಬೇಸತ್ತ ಕ್ರೇಗಿ, ಚಹಾದ ಹಾಗೆಯೇ ವಿಸ್ಕಿಯನ್ನೂ ಬೆರೆಸಿ, ಮೂಸಿ, ಚೆಲ್ಲಿ, ಮತ್ತೆ ಬೆರೆಸಿ ಒಂದು ಹದಕ್ಕೆ ತಂದ. ಅದಕ್ಕೆ ತನ್ನದೇ ಹೆಸರಿಟ್ಟು, ‘ಎಂದಿಗೂ ಇದೇ ರುಚಿ’ ಎಂದು ಚೀಟಿ ಅಂಟಿಸಿದ. ಅವನ ಮೊಮ್ಮಕ್ಕಳ ಕಾಲದಲ್ಲಿ ನಾನು ಹುಟ್ಟಿದೆ. ಯಾರಾದರೂ ಒಂದು ಗುಟುಕು ಕುಡಿದು ‘ಆಹಾ, ಕ್ರೇಗಿ!’ ಅನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಣೆಬರಹ ನೋಡಿ. ದಾವಣಗೆರೆಯ ಹತ್ತಿ ಗಿರಣಿಗೆ ಯಂತ್ರ ಕೂಡಿಸಲು ಬಂದ ಸ್ಕಾಟ್ಲೆಂಡಿನ ಇಂಜಿನಿಯರ್, ಊರಿಗೆ ಮರಳುವಾಗ ನನ್ನನ್ನು ಮೇಸ್ತ್ರಿ ಚನ್ನವೀರಪ್ಪನವರ ಕೈಗಿಟ್ಟ. ಅವರು ಕುಡಿಯುವವರಲ್ಲ, ತೋರಿಸುವವರು! ಷೋಕೇಸಿನಲ್ಲಿ ಕಾಗದದ ಹೂವಿನ ಪಕ್ಕ ಕೂರಿಸಿದರು. ಬಂದವರೆಲ್ಲ ನೋಡಿದರು, ಹೋದರು.

ಮುಚ್ಚಳ ತೆಗೆದವರು ಅವರ ಹೆಂಡತಿ ನೀಲವ್ವ. ಮಂಡಿನೋವಿಗೆ ಸಾರಾಯಿ ತಿಕ್ಕಿದರೆ ಒಳ್ಳೆಯದೆಂದು ಪಕ್ಕದ ಮನೆಯಾಕೆ ಹೇಳಿದ್ದಳಂತೆ. ಗಂಡ ಗಿರಣಿಗೆ ಹೋದ ಮೇಲೆ ದಿನಾ ಅಂಗೈಯಷ್ಟು ತಿಕ್ಕಿಕೊಂಡರು. ನಾನು ಬರಿದಾದಾಗ, ಗಂಡನಿಗೆ ತಿಳಿಯದಿರಲೆಂದು ಕರಿಚಹಾ ತುಂಬಿಸಿದರು. ಹಳಸಿದರೆ ಚೆಲ್ಲಿ ಹೊಸದು. ಕೂಗಿ ಹೇಳೋಣವೆಂದರೆ ನನಗೆ ಮಾತಿಲ್ಲ.

ಒಂದು ಸಂಜೆ ಗಿರಣಿಯ ಹೊಸ ಮ್ಯಾನೇಜರ್ ದೇಶಪಾಂಡೆ ಮನೆಗೆ ಬಂದರು. ವಿಲಾಯತಿ ರುಚಿ ಬಲ್ಲವರೆಂದು ತಾವೇ ಹೇಳಿಕೊಂಡು ತಿರುಗುವವರು. ಚನ್ನವೀರಪ್ಪನವರು ಕೊನೆಗೂ ನನ್ನನ್ನು ಬಗ್ಗಿಸಿದರು. ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ಸೆರಗು ಕಚ್ಚಿಕೊಂಡು ನಿಂತರು. ದೇಶಪಾಂಡೆ ಗುಟುಕರಿಸಿ ಕಣ್ಣು ಮುಚ್ಚಿದರು.

“ಆಹಾ, ಕ್ರೇಗಿ! ಏನ್ ಹದಾರೀ ಇದು!”

ನಾನು ಜೀವಮಾನವಿಡೀ ಕಾದ ಮಾತು ಚಹಾದ ಪಾಲಾಯಿತು! ನನಗೆ ಮೈಯೆಲ್ಲ ಉರಿಯಿತು.

“ಇನ್ನೊಂಚೂರು ಹಾಕ್ರಿ,” ಎಂದು ಅವರು ಲೋಟ ಚಾಚಿದಾಗ ನೀಲವ್ವನಿಗೆ ತಡೆಯಲಾಗಲಿಲ್ಲ.

“ತಣ್ಣಗಾಗೇತ್ರಿ ಸಾಹೇಬ್ರ. ಸಕ್ರಿ ಹಾಕಿ ಬಿಸಿ ಮಾಡಿ ಕೊಡ್ಲೇನ್ರಿ?”

ಮರುದಿನವೇ ನಾನು ಹಿತ್ತಿಲು ಸೇರಿದೆ. ಹೊಟ್ಟೆಯಲ್ಲಿ ಸೀಮೆಎಣ್ಣೆ. ಅಷ್ಟು ಕಷ್ಟಪಟ್ಟು ಹದ ಮಾಡಿದ ಕ್ರೇಗಿ ಅಜ್ಜನಿಗೆ ಏನೆಂದು ಉತ್ತರ ಹೇಳಲಿ? ಈ ಊರಲ್ಲಿ ನಿನ್ನ ವಿಸ್ಕಿಯನ್ನು ಕಂಡದ್ದು ನೀಲವ್ವನ ಮಂಡಿ ಒಂದೇ ಅಜ್ಜಾ.

ಆ ನೋವೂ ಹೋಗಲಿಲ್ಲವಂತೆ.