ಮಡಕೆಯೊಳಗಿನ ಸೀಸೆ

ಮಗಳು ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ ಕೆಲಸಕ್ಕೆ ಹೋದಳು. ಒಳಗೆ ಕೂತಿದ್ದ ಕುಂಬಾರ ಎರಡು ಸದ್ದನ್ನೂ ಕೇಳಿಸಿಕೊಂಡ. ಆಮೇಲೆ ಕುಂಟುತ್ತ ಎದ್ದು ತಂಬಿಗೆಯೆತ್ತಿ ಗಟಗಟ ಕುಡಿದ. ಬೆಳಗಿನಿಂದ ಅದು ನಾಲ್ಕನೆಯ ತಂಬಿಗೆ. ಗಂಟಲು ಮಾತ್ರ ಮಡಕೆ ಸುಡುವ ಆವಿಗೆಯ ಬಾಯಿಯ ಹಾಗೆ ಒಣಗಿಯೇ ಇತ್ತು.

ಎರಡು ತಿಂಗಳಿಂದ ಅವನ ರಕ್ತದ ಸಕ್ಕರೆ ಏರುತ್ತಲೇ ಇತ್ತು. ಕಾಲಿನ ಹೆಬ್ಬೆರಳಿನ ಹುಣ್ಣು ಮಾಯುವ ಲಕ್ಷಣವಿರಲಿಲ್ಲ. ಮಗಳು ಬೆಳಿಗ್ಗೆ ಸಂಜೆ ತಪ್ಪದೆ ಇನ್ಸುಲಿನ್ ಚುಚ್ಚುತ್ತಿದ್ದಳು, ಅಳೆದು ಬಡಿಸುತ್ತಿದ್ದಳು. ಅಪ್ಪ ಬೀದಿ ಕೊನೆಯ ಚಹಾ ಅಂಗಡಿಯಲ್ಲಿ ಕದ್ದು ಸಿಹಿ ತಿನ್ನುತ್ತಾನೆ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವನು ಆಣೆ ಇಟ್ಟು ಹೇಳಿದರೂ, "ನೀನು ಸುಳ್ಳು ಹೇಳಬಹುದು ಅಪ್ಪಾ, ಮೀಟರ್ ಹೇಳಲ್ಲ," ಅಂದಿದ್ದಳು. ಮೊದಲು ಸಕ್ಕರೆ ಡಬ್ಬಿಗೆ ಬೀಗ ಬಿತ್ತು, ಆಮೇಲೆ ಬಾಗಿಲಿಗೆ. ಚಹಾ ಅಂಗಡಿಯವನು ಹಾದುಹೋಗುವಾಗ ಕಿಟಕಿಯಲ್ಲಿ ಇಣುಕಿ, "ಏನು ಯಜಮಾನ್ರೇ, ಇವತ್ತೂ ಜಾಮೀನು ಸಿಗಲಿಲ್ವಾ?" ಅನ್ನುತ್ತಿದ್ದ.

ಮೂಲೆಯಲ್ಲಿ ಫ್ರಿಜ್ ಗುಂಯ್ ಅನ್ನುತ್ತಿತ್ತು. ಮಗಳು ಹೊಲಿಗೆ ಕಾರ್ಖಾನೆಯಲ್ಲಿ ರಜೆಯಿಲ್ಲದೆ ದುಡಿದು ಅಪ್ಪನ ಔಷಧಿಗೆಂದೇ ಎರಡು ತಿಂಗಳ ಹಿಂದೆ ಅದನ್ನು ತಂದಿದ್ದಳು. ಅದಕ್ಕೂ ಮುಂಚೆ ಆರು ವರ್ಷ ಇನ್ಸುಲಿನ್ ಸೀಸೆ ಇದ್ದದ್ದು ಅವನೇ ತಟ್ಟಿದ ಮಡಕೆಯಲ್ಲಿ. ದೊಡ್ಡ ಮಡಕೆಯೊಳಗೊಂದು ಚಿಕ್ಕದು, ನಡುವೆ ಹಸಿ ಮರಳು. "ನಿನ್ನ ಮಣ್ಣಿನಾಟ ಇನ್ನು ಸಾಕು," ಎಂದು ಮಗಳು ಮಡಕೆಗಳನ್ನು ಅಟ್ಟಕ್ಕೇರಿಸಿ, ಸೀಸೆಯನ್ನು ಫ್ರಿಜ್ಜಿನ ಮೇಲ್ಗಡೆ, ಮಂಜು ಕಟ್ಟುವ ಖಾನೆಯಲ್ಲಿಟ್ಟಳು. ತಂಪು ಹೆಚ್ಚಿದಷ್ಟೂ ಔಷಧಿಗೆ ಒಳ್ಳೆಯದೆಂದು ಅವಳ ಲೆಕ್ಕ. ಚುಚ್ಚುವ ಮುಂಚೆ ಅಂಗೈಗಳ ನಡುವೆ ಉಜ್ಜಿ ಉಜ್ಜಿ ಕರಗಿಸುತ್ತಿದ್ದಳು.

ಆ ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸು, ಮುದುಕ ತಪಾಸಣೆಗೆ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಬಂದಳು. ಬಾಗಿಲಿನ ಬೀಗ ನೋಡಿ ಕಿಟಕಿಗೆ ಬಂದಳು. ಔಷಧಿ ತೋರಿಸಿ ಅಂದಾಗ ಅವನು ಸೀಸೆ ತಂದು ಸರಳುಗಳ ನಡುವೆ ದಾಟಿಸಿದ. ಅವಳು ಅದನ್ನು ತಲೆಕೆಳಗು ಮಾಡಿದಳು. ಒಳಗಿನದ್ದು ಅಲುಗಲಿಲ್ಲ.

"ಅಜ್ಜ, ಇದು ಕಲ್ಲಾಗಿದೆಯಲ್ಲ."

ತಂಪು ಬೇಕು, ಆದರೆ ಹೆಪ್ಪುಗಟ್ಟಬಾರದು ಅಂತ ಅವಳು ನಿಧಾನವಾಗಿ ತಿಳಿಸಿದಳು. ಒಮ್ಮೆ ಗಟ್ಟಿಯಾದರೆ ಕರಗಿಸಿದರೂ ಕಸುವು ಮರಳಿ ಬರುವುದಿಲ್ಲ. ಬಿಸಿಲಿಗೆ ಸಿಕ್ಕಿದರೂ ಹಾಗೆಯೇ ಕೆಡುತ್ತದೆ. ಕುಂಬಾರನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಸುಟ್ಟ ಮಡಕೆಯನ್ನು ಎಷ್ಟು ನೆನೆಸಿದರೂ ಅದು ಮತ್ತೆ ಜೇಡಿಯಾಗುವುದಿಲ್ಲ.

ನರ್ಸು ತನ್ನ ತಂಪು ಪೆಟ್ಟಿಗೆಯಿಂದ ಹೊಸ ಸೀಸೆ ಕೊಟ್ಟಳು, ಜತೆಗೆ ಸಕ್ಕರೆಯ ಎರಡು ಪೊಟ್ಟಣ. "ಔಷಧಿ ಇನ್ನು ಕೆಲಸ ಮಾಡತ್ತೆ. ಕೈ ನಡುಗಿದ್ರೆ, ಬೆವರಿದ್ರೆ, ತಕ್ಷಣ ಇದನ್ನ ಬಾಯಿಗೆ ಹಾಕ್ಕೊಳ್ಳಿ. ಮಗಳಿಗೆ ನಾನೇ ತಿಳಿಸ್ತೀನಿ."

ಅವನ ಕಣ್ಣ ಮುಂದೆ ಸೀಸೆ ಉಜ್ಜುವ ಆ ಎರಡು ಅಂಗೈ ಬಂದವು. "ಬೇಡಮ್ಮ, ನಾನೇ ಹೇಳ್ತೀನಿ," ಅಂದ.

ಅಟ್ಟದಿಂದ ಮಡಕೆಗಳನ್ನಿಳಿಸಿ, ಮೂಲೆಯ ಚೀಲದಲ್ಲಿದ್ದ ಮರಳು ತುಂಬಿ, ನೀರು ಚಿಮುಕಿಸಿ ಸೀಸೆಯನ್ನಿಟ್ಟ. ಹೇಗೆ ಹೇಳಲಿ ಎಂದು ಸಂಜೆಯವರೆಗೂ ಮಾತು ಜೋಡಿಸಿದ.

ಮಗಳು ಬಂದವಳೇ ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣು ತೊಳೆದಳು. "ನಾನು ಮಾಡೋದ್ರಲ್ಲಿ ಎಲ್ಲಿ ತಪ್ತಿದೆ ಅಂತಾನೇ ತಿಳೀತಿಲ್ಲ," ಅಂದಳು, ತಲೆಯೆತ್ತದೆ. ಜೋಡಿಸಿಟ್ಟ ಮಾತೆಲ್ಲವನ್ನೂ ಅವನು ಬದಿಗಿಟ್ಟ. ಹಳೆಯ ಸೀಸೆ ಕೈಜಾರಿ ಒಡೆಯಿತು, ನರ್ಸು ಹೊಸದು ಕೊಟ್ಟಳು, ಕರೆಂಟಿನ ಕಾಟಕ್ಕೆ ಮಡಕೆಯೇ ವಾಸಿ ಅಂದಳು ಎಂದೇನೋ ಹೇಳಿದ. ಅವಳು ನಂಬಿದಳು. ಒಗೆಯಲು ಅವನ ಅಂಗಿ ಕೊಡವಿದಾಗ ಜೇಬಿನಿಂದ ಸಕ್ಕರೆ ಪೊಟ್ಟಣಗಳು ನೆಲಕ್ಕೆ ಬಿದ್ದವು.

ಮಗಳು ಅವನ್ನು ಹೆಕ್ಕಿಕೊಂಡಳು. ಅಲ್ಲೇ ಕೂತು ಅಪ್ಪನ ಮುಂದೆ ಹಿಡಿದಳು.

"ಆಸೆ ತಡೀಲಿಲ್ಲ ಕಣಮ್ಮ," ಅಂದ. "ಕಿಟಕೀಲಿ ನಾನೇ ತರಿಸ್ಕೊಂಡೆ."

"ಎರಡು ತಿಂಗಳಿಂದ್ಲೂ?"

"ಎರಡು ತಿಂಗಳಿಂದ್ಲೂ."

ಅವಳು ಕಣ್ಣೊರೆಸಿಕೊಂಡು ದೀರ್ಘವಾಗಿ ಉಸಿರು ಬಿಟ್ಟಳು. ಹೊರೆ ಇಳಿಸಿದವರ ಉಸಿರಿನ ಹಾಗಿತ್ತು ಅದು. ಪೊಟ್ಟಣಗಳನ್ನು ಸಕ್ಕರೆ ಡಬ್ಬಿಗೆ ಹಾಕಿ ಬೀಗ ಜಡಿದಳು, ಮರುದಿನವೇ ಕಿಟಕಿಗೆ ಜಾಲರಿ ಹೊಡೆಸಿದಳು.

ಮೂರು ವಾರದಲ್ಲಿ ಮೀಟರಿನ ಅಂಕಿ ಅರ್ಧಕ್ಕಿಳಿಯಿತು. ಹುಣ್ಣಿನ ಅಂಚು ಒಣಗಿತು. "ನೋಡಿದ್ಯಾ, ಬೀಗಕ್ಕಿಂತ ದೊಡ್ಡ ಡಾಕ್ಟರಿಲ್ಲ," ಎಂದು ಮಗಳು ಬಹಳ ದಿನದ ಮೇಲೆ ನಕ್ಕಳು. ಹೊರಗೆ ಹೋಗಿ ಬೀಗವನ್ನು ಮೂರು ಸಲ ಜಗ್ಗಿದಳು.

ಕುಂಬಾರ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮರಳಿಗೆ ನೀರು ಚಿಮುಕಿಸಿದ. ಪಕ್ಕದಲ್ಲಿ ತಂಬಿಗೆ ತುಂಬಿದಂತೆಯೇ ಇತ್ತು, ಬಾಯಾರಿಕೆಯೇ ಇರಲಿಲ್ಲ. ಚಿಮುಕಿಸುತ್ತಿದ್ದ ನೀರು ಯಾಕೋ ಅತ್ತಿತ್ತ ಚೆಲ್ಲಿತು. ಅವನು ಕೈಯನ್ನು ಹಿಂದಕ್ಕೆಳೆದು, ಜಾಲರಿಯಿಂದ ಬರುತ್ತಿದ್ದ ಬೆಳಕಿಗೆ ಹಿಡಿದು, ಬೆವರಿದ ಬೆರಳುಗಳನ್ನು ಬಹಳ ಹೊತ್ತು ನೋಡಿದ.